ಸ್ಪೋರ್ಟ್ಸ್ ಬೈಕಿಗೆ ಜಿಪಿಎಸ್ ಟ್ರ್ಯಾಕರ್ ಬೇಕಾ? ಮೊದಲು ಪಾಲಿಸಿ ತೆಗೆದು ನೋಡಿ

(ಈ ವಾರದ ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ತೋಟದಲ್ಲಿ ನೀರು ಬಿಟ್ಟುಕೊಂಡು ಕೇಳ್ತಿದ್ದೀರೋ, ಎಲ್ಲರಿಗೂ ಸ್ವಾಗತ. ಗಾಡಿ ಓಡಿಸ್ತಾ ಕೇಳ್ತಿರೋರು ಮಾತ್ರ ದಯವಿಟ್ಟು ಇಯರ್‌ಫೋನ್ ತೆಗೀರಿ, ಮನೆಗೆ ಹೋಗಿ ಕೇಳಿ. ಕಂತು ಎಲ್ಲೂ ಓಡಿಹೋಗಲ್ಲ. ಓಡಿಹೋಗೋದು ಗಾಡಿ. ಇವತ್ತಿನ ವಿಷಯಾನೂ ಅದೇ.

ಕೆರೆಬಿಳಚಿಯಿಂದ ಒಬ್ಬ ಕೇಳುಗ ಪ್ರಶ್ನೆ ಕಳಿಸಿದ್ದಾನೆ. ಹೆಸರು ಹೇಳೋದು ಬೇಡ. ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ 200 ಸಿಸಿ ಸ್ಪೋರ್ಟ್ಸ್ ಬೈಕ್ ತಗೊಂಡಿದ್ದಾನೆ. 3 ವರ್ಷ ಹಳೇದು, 1,20,000 ರೂಪಾಯಿ. ಅರ್ಧ ದುಡ್ಡು ಅಪ್ಪ ಅಡಿಕೆ ಮಾರಿದ್ದು, ಇನ್ನರ್ಧ ಸಾಲ. ಪ್ರಶ್ನೆ ಇಷ್ಟೇ: "ಅಣ್ಣ, ಎಲ್ಲರೂ ಜಿಪಿಎಸ್ ಹಾಕ್ಸು ಅಂತಾರೆ. ಹಾಕ್ಸಲೋ ಬೇಡವೋ?"

ಹೌದು ಅಥವಾ ಬೇಡ ಅಂತ ಒಂದೇ ಪದದಲ್ಲಿ ಹೇಳಿಬಿಡಬಹುದು. ಆದ್ರೆ ಅದು ಉತ್ತರ ಅಲ್ಲ, ಅಂಗಡಿಯವರ ಮಾತು. ನಾನು ಬಿಕಾಂ ಓದಿದವನು, ಲೆಕ್ಕ ಹಾಕದೆ ಮಾತಾಡಿದ್ರೆ ನಿದ್ದೆ ಬರಲ್ಲ. ಆದ್ದರಿಂದ ಇವತ್ತು ಪೆನ್ನು ಪೇಪರ್ ಹಿಡ್ಕೊಂಡೇ ಮಾತಾಡೋಣ.

ಕಳ್ಳನ ಕಣ್ಣಿಗೆ ಯಾವ ಗಾಡಿ ಬೀಳುತ್ತೆ?

ನಾವು ಅನ್ಕೋತೀವಿ, ಹೊಳೆಯೋ ಗಾಡಿನೇ ಕಳ್ಳತನ ಆಗುತ್ತೆ ಅಂತ. ಕಳ್ಳನೂ ಒಂಥರಾ ವ್ಯಾಪಾರಿ. ಅವನಿಗೆ ಬೇಕಿರೋದು ಬೇಗ ಮಾರಾಟ ಆಗೋ ಸರಕು. ಹಳದಿ ಬಣ್ಣದ ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು ಕೆರೆಬಿಳಚಿ ದಾಟಿ ಹೋದ್ರೆ, ಸೂಳೆಕೆರೆ ಏರಿ ಮೇಲೆ ನಿಂತಿರೋ ಪ್ರತಿಯೊಬ್ಬನೂ ಯಾವ ಕಡೆಗೆ ಹೋಯ್ತು ಅಂತ ಬೆರಳು ಮಾಡಿ ತೋರಿಸ್ತಾನೆ. ಅದೇ ಒಂದು ಕಪ್ಪು ಸ್ಪ್ಲೆಂಡರ್ ಹೋದ್ರೆ? ಅಂಥದ್ದೇ ನೂರು ಗಾಡಿ ರಸ್ತೆ ಮೇಲಿವೆ. ಬಿಚ್ಚಿ ಮಾರಿದ್ರೂ ಪ್ರತಿಯೊಂದು ಪಾರ್ಟಿಗೂ ಗಿರಾಕಿ ಇದ್ದಾರೆ.

ಸ್ಪೋರ್ಟ್ಸ್ ಬೈಕ್ ಇವೆರಡರ ಮಧ್ಯೆ ಇದೆ. ಆರ್15, ಡ್ಯೂಕ್, ಎನ್‌ಎಸ್ ಈಗ ಎಲ್ಲಾ ಊರಲ್ಲೂ ಇವೆ, ಹಾಗಾಗಿ ಗುಂಪಲ್ಲಿ ಸೇರಿಹೋಗುತ್ತೆ. ಶೋರೂಮಲ್ಲಿ ಪಾರ್ಟ್ಸ್ ದುಬಾರಿ ಇರೋದ್ರಿಂದ ಹಳೇ ಪಾರ್ಟಿಗೂ ಬೆಲೆ ಇದೆ. ಇನ್ನೊಂದು ಜಾತಿ ಗಾಡಿ ಇದೆ: ಯಮಹಾ ಆರ್‌ಎಕ್ಸ್100. 1985ರಿಂದ 1996ರವರೆಗೆ ತಯಾರಾಗಿ ನಿಂತುಹೋದ ಬೈಕು. ಹೊಸದು ಸಿಗಲ್ಲ, ಆದ್ರೆ ಆಸೆಪಡೋರು ಕಮ್ಮಿ ಆಗಿಲ್ಲ. ಬೀಗದ ವಿಷಯದಲ್ಲಿ ಅದು ಆ ಕಾಲದ ಗಾಡಿ, ಬೆಲೆ ಮಾತ್ರ ಈ ಕಾಲದ್ದು. ಅದರ ಮಾಲೀಕರಿಗೆ ಬೇರೆ ಲೆಕ್ಕ ಇದೆ, ಆಮೇಲೆ ಹೇಳ್ತೀನಿ.

ಗಾಡಿ ಎಲ್ಲಿ ನಿಲ್ಲುತ್ತೆ ಅನ್ನೋದು ಗಾಡಿ ಯಾವುದು ಅನ್ನೋದಕ್ಕಿಂತ ಮುಖ್ಯ. ರಾತ್ರಿ ಕಾಂಪೌಂಡ್ ಒಳಗೆ ಗೇಟ್ ಹಾಕಿ ನಿಲ್ಲಿಸೋದು ಒಂದು. ಬೆಳಗ್ಗೆ ಬಸ್ ಸ್ಟ್ಯಾಂಡಲ್ಲಿ ಬಿಟ್ಟು ದಾವಣಗೆರೆಗೋ ಶಿವಮೊಗ್ಗಕ್ಕೋ ಕಾಲೇಜಿಗೆ ಹೋಗಿ ಸಂಜೆ ಬರೋದು ಇನ್ನೊಂದು. ತೋಟದ ಬದುವಿನ ಮೇಲೆ ನಿಲ್ಲಿಸಿ, ಕೀ ಅದರಲ್ಲೇ ಬಿಟ್ಟು, ಅಡಿಕೆ ಕೊಯ್ಲು ನೋಡೋಕೆ ಒಳಗೆ ಹೋಗೋದು ಮೂರನೇದು. ಈ ಮೂರನೇದಕ್ಕೆ ಟ್ರ್ಯಾಕರ್ ಪರಿಹಾರ ಅಲ್ಲ, ಕೀ ಜೇಬಿಗೆ ಹಾಕ್ಕೊಳ್ಳೋದೇ ಪರಿಹಾರ. ಅದಕ್ಕೆ ಖರ್ಚು ಸೊನ್ನೆ.

ಟ್ರ್ಯಾಕರ್ ಅಂದ್ರೆ ಏನು, ಏನಲ್ಲ

ಈ ಡಬ್ಬಿ ಹೇಗೆ ಕೆಲಸ ಮಾಡುತ್ತೆ ಅಂತ ಒಂದ್ಸಲ ತಿಳ್ಕೊಳ್ಳಿ. ಅದರೊಳಗೆ ಎರಡು ಕೆಲಸದವರಿದ್ದಾರೆ. ಒಬ್ಬ ಆಕಾಶದ ಉಪಗ್ರಹಗಳಿಂದ ಸಿಗ್ನಲ್ ಕೇಳಿ "ನಾನು ಇಲ್ಲಿದ್ದೀನಿ" ಅಂತ ಲೆಕ್ಕ ಹಾಕ್ತಾನೆ. ಅದು ಜಿಪಿಎಸ್. ಇನ್ನೊಬ್ಬ ಆ ವಿಳಾಸವನ್ನ ಸಿಮ್ ಮೂಲಕ ನಿಮ್ಮ ಫೋನಿಗೆ ಕಳಿಸ್ತಾನೆ. ಮೊದಲನೆಯವನಿಗೆ ಆಕಾಶ ಕಾಣಬೇಕು, ಎರಡನೆಯವನಿಗೆ ಟವರ್ ಸಿಗಬೇಕು. ಮುಚ್ಚಿದ ಕಬ್ಬಿಣದ ಕಂಟೇನರ್ ಲಾರಿ ಒಳಗೆ ಗಾಡಿ ಏರಿಸಿದ್ರೆ ಇಬ್ಬರ ಬಾಯಿಯೂ ಬಂದ್.

ಸಿಮ್ ವಿಷಯ ಬಹಳ ಜನ ಕೇಳೋದೇ ಇಲ್ಲ. ಅಗ್ಗದ ಟ್ರ್ಯಾಕರ್‌ಗಳಲ್ಲಿ ಬಹಳಷ್ಟು 2ಜಿ ಮೇಲೆ ನಡೆಯುತ್ತವೆ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಮೊದಲ ಪ್ರಶ್ನೆ: ಇದು 2ಜಿನಾ 4ಜಿನಾ? ಎರಡನೇದು: ಯಾವ ಕಂಪನಿ ಸಿಮ್? ಮೂರನೇದು: ಮೊದಲ ವರ್ಷ ಆದಮೇಲೆ ರೀಚಾರ್ಜ್ ಎಷ್ಟು, ಯಾರಿಗೆ ಕಟ್ಟಬೇಕು? ನಮ್ಮ ಕಡೆ ಅಡಿಕೆ ತೋಟದ ಒಳಗೆ ಫೋನಿಗೇ ಒಂದು ಕಡ್ಡಿ ನೆಟ್‌ವರ್ಕ್ ಬಂದ್ರೆ ಹಬ್ಬ. ನಿಮ್ಮ ಫೋನಿಗೆ ಎಲ್ಲಿ ಸಿಗಲ್ವೋ ಅಲ್ಲಿ ಅದೇ ಕಂಪನಿ ಸಿಮ್ ಇರೋ ಡಬ್ಬಿಗೂ ಸಿಗಲ್ಲ.

ಈಗ ಬಟನ್ ಥರದ ಟ್ಯಾಗ್‌ಗಳು. ಆಪಲ್‌ನ ಏರ್‌ಟ್ಯಾಗ್ 2021ರಲ್ಲಿ ಬಂತು. ಆಮೇಲೆ ಜಿಯೋಟ್ಯಾಗ್ ಥರದವು ಬಂದವು, ಆಂಡ್ರಾಯ್ಡ್‌ಗೆ ಹೊಂದೋ ಮಾದರಿಗಳೂ ಇವೆ. ಇವು ಅಗ್ಗ, ವೈರಿಂಗ್ ಬೇಡ, ಬ್ಯಾಟರಿ ತಿಂಗಳುಗಟ್ಟಲೆ ಬರುತ್ತೆ. ಆದ್ರೆ ಇದರೊಳಗೆ ಜಿಪಿಎಸ್ಸೂ ಇಲ್ಲ, ಸಿಮ್ಮೂ ಇಲ್ಲ. ಹತ್ತಿರದಲ್ಲಿ ಹಾದುಹೋಗೋ ಬೇರೆಯವರ ಫೋನು ಅದರ ಬ್ಲೂಟೂತ್ ಕೇಳಿಸ್ಕೊಂಡು ವಿಷಯ ಮುಟ್ಟಿಸಬೇಕು. ದಾವಣಗೆರೆ ಮಾರ್ಕೆಟ್ಟಲ್ಲಿ ಫೋನುಗಳ ಜಾತ್ರೆನೇ ಇದೆ, ಅಲ್ಲಿ ಚೆನ್ನಾಗಿ ನಡೆಯುತ್ತೆ. ಊರಾಚೆ ಗುಡ್ಡದ ಹಿಂದೆ ಒಂದು ಶೆಡ್ಡಲ್ಲಿ ಗಾಡಿ ಇಟ್ರೆ, ಅಲ್ಲಿಗೆ ಫೋನ್ ಹಿಡ್ಕೊಂಡು ಹೋಗೋನು ಆ ಕಳ್ಳ ಒಬ್ಬನೇ. ಇನ್ನೊಂದು ತೊಡಕು: ಯಾರದೋ ಟ್ಯಾಗ್ ನಿಮ್ಮ ಜೊತೆ ಓಡಾಡ್ತಿದೆ ಅಂತ ಫೋನೇ ಎಚ್ಚರಿಸೋ ವ್ಯವಸ್ಥೆ ಈಗ ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಇದೆ. ಹೆಣ್ಮಕ್ಕಳ ಹಿಂದೆ ಬೀಳೋರನ್ನ ತಡೆಯೋಕೆ ಅದು ಬೇಕೇ ಬೇಕು. ಆದ್ರೆ ಅದೇ ಎಚ್ಚರಿಕೆ ಕಳ್ಳನ ಫೋನಿಗೂ ಹೋಗುತ್ತೆ.

ಇನ್ನು ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್. ಅದರೊಳಗೆ ಚಿಪ್ ಇದೆ, ಪೊಲೀಸ್ನೋರಿಗೆ ಗಾಡಿ ಎಲ್ಲಿದೆ ಅಂತ ಕಾಣ್ಸುತ್ತೆ ಅಂತ ಒಂದು ಮಾತು ಓಡಾಡ್ತಿದೆ. ಇಲ್ಲ. ಅದರಲ್ಲಿರೋದು ಹೊಲೊಗ್ರಾಮ್, ಲೇಸರ್‌ನಲ್ಲಿ ಕೆತ್ತಿದ ನಂಬರ್, ಬಿಚ್ಚಿದ್ರೆ ಮುರಿಯೋ ಲಾಕ್. ಪ್ಲೇಟ್ ಬದಲಾಯಿಸೋದು ಕಷ್ಟ ಆಗುತ್ತೆ, ಅಷ್ಟೇ. ಗಾಡಿ ಎಲ್ಲಿದೆ ಅಂತ ಅದು ಹೇಳಲ್ಲ.

ಹಾಗೇ "ಗೌರ್ಮೆಂಟೇ ಜಿಪಿಎಸ್ ಕಡ್ಡಾಯ ಮಾಡಿದೆ" ಅಂತ ಮಾರೋರಿದ್ದಾರೆ. ಎಐಎಸ್-140 ಅನ್ನೋ ಮಾನದಂಡದ ಸಾಧನ, ಪ್ಯಾನಿಕ್ ಬಟನ್ ಸಮೇತ, 2019ರಿಂದ ಬಸ್ಸು, ಟ್ಯಾಕ್ಸಿಯಂಥ ಪ್ರಯಾಣಿಕರ ವಾಹನಗಳಿಗೆ ಕಡ್ಡಾಯ. ನಿಮ್ಮ ಸ್ವಂತ ಬೈಕಿಗೂ ಬಿಳಿ ಬೋರ್ಡ್ ಕಾರಿಗೂ ಅದು ಕಡ್ಡಾಯ ಅಲ್ಲ. ಹೆದರಿಸಿ ಮಾರಿದ್ರೆ ನಂಬಬೇಡಿ.

ಈಗ ಪಾಲಿಸಿ ತೆಗೀರಿ

ಇದು ಈ ಕಂತಿನ ಮುಖ್ಯ ಭಾಗ, ಸ್ವಲ್ಪ ಗಮನ ಕೊಡಿ.

ನಮ್ಮ ಕೇಳುಗ ಬರೆದಿದ್ದಾನೆ: "ಇನ್ಶೂರೆನ್ಸ್ ಇನ್ನೂ 2 ವರ್ಷ ಇದೆ ಅಣ್ಣ, ಅದೇನೂ ತೊಂದ್ರೆ ಇಲ್ಲ." ತೊಂದ್ರೆ ಇರೋದು ಅಲ್ಲೇ ತಮ್ಮಾ.

2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ, ಹೊಸ ಟೂ ವೀಲರ್‌ಗೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ಕೊಡ್ತಾರೆ. ಥರ್ಡ್ ಪಾರ್ಟಿ ಅಂದ್ರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ. ನಿಮ್ಮ ಗಾಡಿ ಕಳ್ಳತನ ಆದ್ರೆ ಅದು ಒಂದು ರೂಪಾಯಿನೂ ಕೊಡಲ್ಲ. ಕಳ್ಳತನಕ್ಕೆ ಬೇಕಾಗಿರೋದು ಓನ್ ಡ್ಯಾಮೇಜ್, ಅಂದ್ರೆ ಸ್ವಂತ ಹಾನಿಯ ಭಾಗ. ಅದು ಸಾಮಾನ್ಯವಾಗಿ ಮೊದಲ 1 ವರ್ಷಕ್ಕೆ ಮಾತ್ರ ಇರುತ್ತೆ. ಆಮೇಲೆ ವರ್ಷ ವರ್ಷ ನೀವೇ ಮಾಡಿಸ್ಕೋಬೇಕು. ಪಾಲಿಸಿ ಪೇಪರಲ್ಲಿ ಎರಡು ದಿನಾಂಕ ಇರುತ್ತೆ. ನಾವು ದೊಡ್ಡ ದಿನಾಂಕ ನೋಡಿ ಸಮಾಧಾನ ಪಟ್ಕೊಂಡು, ಚಿಕ್ಕ ದಿನಾಂಕ ನೋಡೋದೇ ಇಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇನ್ನೊಂದು ಗುಂಡಿ ಇದೆ. ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ಭಾಗ ತಾನಾಗೇ ಹೊಸ ಮಾಲೀಕನಿಗೆ ಬಂದುಬಿಡುತ್ತೆ, ಕಾನೂನೇ ಹಾಗಿದೆ. ಓನ್ ಡ್ಯಾಮೇಜ್ ಭಾಗ ಹಾಗೆ ಬರಲ್ಲ. ಮೋಟಾರು ವಾಹನ ಕಾಯ್ದೆಯ 157ನೇ ಕಲಂ ಪ್ರಕಾರ ಕೊಂಡವರು 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಹಾಕಿ ಹೆಸರು ಬದಲಾಯಿಸ್ಕೋಬೇಕು. ಆರ್‌ಸಿ ವರ್ಗಾವಣೆಗೆ ಅದೇ ರಾಜ್ಯದಲ್ಲಿ ಮಾರಿದವರಿಗೆ 14 ದಿನದ, ಕೊಂಡವರಿಗೆ 30 ದಿನದ ಗಡುವು. "ನಮ್ಮ ಹುಡುಗನೇ ಅಣ್ಣ, ಫಾರಂಗೆ ಸೈನ್ ಹಾಕಿ ಕೊಟ್ಟಿದ್ದಾನೆ, ನಿಧಾನಕ್ಕೆ ಮಾಡಿಸ್ಕೋತೀನಿ" ಅಂತ ಇಟ್ಕೊಂಡ್ರೆ, ಗಾಡಿ ಹೋದ ದಿನ ಪಾಲಿಸಿ ಒಬ್ಬನ ಹೆಸರಲ್ಲಿ, ಗಾಡಿ ಇನ್ನೊಬ್ಬನ ಹತ್ತಿರ. ಕಂಪನಿ ಕೈ ಎತ್ತೋಕೆ ಅಷ್ಟು ಸಾಕು.

ಸೆಕೆಂಡ್ ಹ್ಯಾಂಡ್ ತಗೊಳ್ಳೋ ಮುಂಚೆ ಇನ್ನೊಂದು ಕೆಲಸ. ಕದ್ದ ಗಾಡಿಯನ್ನೇ ನಿಮಗೆ ಮಾರ್ತಿರಬಹುದಲ್ವಾ? ಆರ್‌ಸಿಯಲ್ಲಿರೋ ಇಂಜಿನ್ ನಂಬರ್, ಚಾಸಿಸ್ ನಂಬರ್‌ನ ಗಾಡಿ ಮೇಲಿರೋದ್ರ ಜೊತೆ ತಾಳೆ ನೋಡಿ. ಪರಿವಾಹನ್‌ನಲ್ಲಿ ವಿವರ ನೋಡಿ, ಸಾಲ ಇನ್ನೂ ಬಾಕಿ ಇದೆಯಾ ಅಂತಾನೂ ಅಲ್ಲೇ ಗೊತ್ತಾಗುತ್ತೆ. ಕಳವಾದ ವಾಹನಗಳ ಪಟ್ಟಿಯಲ್ಲಿ ಇದೆಯಾ ಅಂತ ನೋಡೋಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾಹನ್ ಸಮನ್ವಯ್ ವ್ಯವಸ್ಥೆ ಇದೆ.

ಲೆಕ್ಕ ಹಾಕೋಣ ಬನ್ನಿ

ಈಗ ಟ್ರ್ಯಾಕರ್ ಲೆಕ್ಕ. ಈ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಕಿ ಹಾಕ್ಕೊಂಡು ನೋಡಿ.

ಟ್ರ್ಯಾಕರ್‌ಗೆ 2,500 ರೂಪಾಯಿ, ಮೊದಲ ವರ್ಷದ ಸಿಮ್ ಅದರಲ್ಲೇ ಸೇರಿದೆ ಅನ್ಕೊಳ್ಳಿ. ಆಮೇಲೆ ವರ್ಷಕ್ಕೆ 1,000. 3 ವರ್ಷಕ್ಕೆ ಒಟ್ಟು 4,500. ವರ್ಷಕ್ಕೆ ಸರಾಸರಿ 1,500.

ಟ್ರ್ಯಾಕರ್ ಇದ್ರೆ ಗಾಡಿ ಗ್ಯಾರಂಟಿ ಸಿಗುತ್ತೆ ಅಂತಲ್ಲ. ಟ್ರ್ಯಾಕರ್ ಇಲ್ಲದಿದ್ರೆ ಸಿಗದೇ ಹೋಗ್ತಿದ್ದ ಎರಡು ಗಾಡಿಯಲ್ಲಿ ಒಂದನ್ನ ಅದು ಉಳಿಸುತ್ತೆ ಅನ್ಕೊಳ್ಳೋಣ, ಉದಾರವಾಗಿ.

ಮೊದಲ ಸಂದರ್ಭ: ನಿಮಗೆ ಓನ್ ಡ್ಯಾಮೇಜ್ ಇನ್ಶೂರೆನ್ಸ್ ಇಲ್ಲ. ಗಾಡಿ ಹೋದ್ರೆ 1,20,000 ಪೂರ್ತಿ ಹೋಯ್ತು. ಟ್ರ್ಯಾಕರ್ ಅದರಲ್ಲಿ ಅರ್ಧ, ಸರಾಸರಿ 60,000 ಉಳಿಸುತ್ತೆ. 60,000ವನ್ನ 1,500ರಿಂದ ಭಾಗಿಸಿ: 40. ಅಂದ್ರೆ ನಿಮ್ಮ ಥರ ನಿಲ್ಲಿಸೋ 40 ಗಾಡಿಯಲ್ಲಿ ವರ್ಷಕ್ಕೆ ಒಂದು ಕಳವಾಗುತ್ತೆ ಅಂತಿದ್ರೆ ಖರ್ಚಿಗೂ ಲಾಭಕ್ಕೂ ಸರಿಸಮ. ಅದಕ್ಕಿಂತ ಜಾಸ್ತಿ ಕಳ್ಳತನ ಇದ್ರೆ ಹಾಕಿಸಿ, ಕಮ್ಮಿ ಇದ್ರೆ ದುಡ್ಡು ದಂಡ.

ಎರಡನೇ ಸಂದರ್ಭ: ಓನ್ ಡ್ಯಾಮೇಜ್ ಇದೆ. ಕಳವಾದ್ರೆ ಕಂಪನಿ ಕೊಡೋದು ಐಡಿವಿ, ಅಂದ್ರೆ ಪಾಲಿಸಿಯಲ್ಲಿ ಬರೆದಿರೋ ಗಾಡಿಯ ಬೆಲೆ. ಅದಕ್ಕೆ ಸವಕಳಿ ಪಟ್ಟಿ ಇದೆ: 1ರಿಂದ 2 ವರ್ಷದ ಗಾಡಿಗೆ ಶೇ 20, 2ರಿಂದ 3 ವರ್ಷಕ್ಕೆ ಶೇ 30, 3ರಿಂದ 4 ವರ್ಷಕ್ಕೆ ಶೇ 40, 4ರಿಂದ 5 ವರ್ಷಕ್ಕೆ ಶೇ 50 ಕಡಿತ. ಕಂಪನಿಯ ಪಟ್ಟಿ ಬೆಲೆ 1,75,000 ಇದ್ದ ಗಾಡಿ 3 ವರ್ಷ ದಾಟಿದ್ರೆ ಐಡಿವಿ 1,05,000. ನಿಮ್ಮ ಕೈಯಿಂದ ಹೋಗೋದು 15,000. ಸ್ಟೇಷನ್ನು, ಕೋರ್ಟು, ಬಸ್ ಚಾರ್ಜು ಅಂತ ಇನ್ನೊಂದು 5,000 ಸೇರಿಸಿ, 20,000. ಟ್ರ್ಯಾಕರ್ ಅದರಲ್ಲಿ ಅರ್ಧ ಉಳಿಸಿದ್ರೆ 10,000. ಅದನ್ನ 1,500ರಿಂದ ಭಾಗಿಸಿದ್ರೆ ಸುಮಾರು 7. ಅಂದ್ರೆ 7 ಗಾಡಿಯಲ್ಲಿ ವರ್ಷಕ್ಕೆ ಒಂದು ಕಳವಾಗ್ತಿದ್ರೆ ಮಾತ್ರ ಟ್ರ್ಯಾಕರ್ ಗಿಟ್ಟುತ್ತೆ. ಅಂಥ ಬೀದಿಯಲ್ಲಿದ್ರೆ ಟ್ರ್ಯಾಕರ್ ಬೇಡ, ಮನೆನೇ ಬದಲಾಯಿಸಿ!

ಗೊತ್ತಾಯ್ತಾ? ಒಂದೇ ಗಾಡಿ, ಒಂದೇ ಊರು, ಒಂದೇ ಡಬ್ಬಿ. ಉತ್ತರ ಬದಲಾಗಿದ್ದು ಪಾಲಿಸಿಯಿಂದ. ಬಹಳ ಬೈಕುಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂ ಈ ಟ್ರ್ಯಾಕರ್ ಖರ್ಚಿನ ಆಸುಪಾಸಲ್ಲೇ ಬರುತ್ತೆ, ಫೋನಲ್ಲೇ ಚೆಕ್ ಮಾಡಿ. ಅದು ಕಳ್ಳತನಕ್ಕೂ ಆಗುತ್ತೆ, ಬಿದ್ದಾಗಲೂ ಆಗುತ್ತೆ, ಬೆಂಕಿಗೂ ಆಗುತ್ತೆ. ಟ್ರ್ಯಾಕರ್ ಒಂದಕ್ಕೇ ಆಗೋದು. ಎರಡಕ್ಕೂ ದುಡ್ಡಿಲ್ಲ ಅಂದ್ರೆ ಮೊದಲ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಈಗ ನಾನು ಹೇಳಬೇಕಾಗಿಲ್ಲ.

"ಟ್ರ್ಯಾಕರ್ ಹಾಕ್ಸಿದ್ರೆ ಪ್ರೀಮಿಯಂ ಕಮ್ಮಿ ಆಗುತ್ತೆ" ಅಂತಾನೂ ಮಾರ್ತಾರೆ. ಹಳೇ ಮೋಟಾರ್ ಟ್ಯಾರಿಫ್‌ನಿಂದ ಬಂದ ರಿಯಾಯಿತಿ ಒಂದಿದೆ: ಓನ್ ಡ್ಯಾಮೇಜ್ ಪ್ರೀಮಿಯಂನ ಶೇ 2.5, ಗರಿಷ್ಠ 500 ರೂಪಾಯಿ. ಅದೂ ಪುಣೆಯ ಎಆರ್‌ಎಐ ಸಂಸ್ಥೆ ಒಪ್ಪಿದ ಸಾಧನಕ್ಕೆ, ಅಳವಡಿಸಿದ ಪ್ರಮಾಣಪತ್ರ ಇದ್ರೆ. 1,500 ಪ್ರೀಮಿಯಂಗೆ ಶೇ 2.5 ಅಂದ್ರೆ 37 ರೂಪಾಯಿ 50 ಪೈಸೆ. ಎರಡು ಟೀ, ಒಂದು ಬನ್ನು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದು.

ಆರ್‌ಎಕ್ಸ್100 ಮಾಲೀಕರಿಗೆ ಬೇರೆ ಲೆಕ್ಕ ಅಂದಿದ್ದೆ. 5 ವರ್ಷ ದಾಟಿದ ಗಾಡಿಗೆ ಸವಕಳಿ ಪಟ್ಟಿ ಇಲ್ಲ. ಐಡಿವಿ ನಿಮಗೂ ಕಂಪನಿಗೂ ಒಪ್ಪಿಗೆ ಆದಷ್ಟು. ಅಷ್ಟು ಹಳೇ ಗಾಡಿಗೆ ಒಳ್ಳೇ ಐಡಿವಿ ಸಿಗೋದು ಕಷ್ಟ, ಆದ್ರೆ ಮಾರುಕಟ್ಟೆ ಬೆಲೆ ಎಲ್ಲೋ ಇದೆ. ಅಪ್ಪ ಓಡಿಸಿದ ಗಾಡಿ ಆದ್ರೆ ಬೆಲೆ ಕಟ್ಟೋಕೂ ಆಗಲ್ಲ. ಇನ್ಶೂರೆನ್ಸ್ ತುಂಬಿಕೊಡದ ನಷ್ಟ ಎಷ್ಟು ದೊಡ್ಡದೋ, ಟ್ರ್ಯಾಕರ್‌ಗೆ ಅಷ್ಟು ಅರ್ಥ. ಅವರು ಹಾಕಿಸಲಿ. ಆದ್ರೆ ಹಳೇ ಗಾಡಿಯ ಬ್ಯಾಟರಿ ಸಣ್ಣದು, ವಾರಗಟ್ಟಲೆ ನಿಂತ್ರೆ ಡಬ್ಬಿ ಅದನ್ನ ಖಾಲಿ ಮಾಡುತ್ತೆ. ತನ್ನದೇ ಬ್ಯಾಟರಿ ಇರೋ ಮಾದರಿ ನೋಡಿ.

ನಿಜವಾದ ಸ್ಪೋರ್ಟ್ಸ್ ಕಾರಿನವರಿಗೆ ಎರಡು ಮಾತು

ನಮ್ಮ ಕೇಳುಗರಲ್ಲಿ ಬೆಂಗಳೂರಲ್ಲಿ, ಹೊರದೇಶದಲ್ಲಿ ಇರೋರೂ ಇದ್ದೀರಿ. ಬ್ರಿಟನ್‌ನಲ್ಲಿ ದುಬಾರಿ ಕಾರಿಗೆ ಥ್ಯಾಚಮ್ ಸಂಸ್ಥೆಯ ಎಸ್5 ಅಥವಾ ಎಸ್7 ದರ್ಜೆಯ ಟ್ರ್ಯಾಕರ್ ಇದ್ರೆ ಮಾತ್ರ ಇನ್ಶೂರೆನ್ಸ್ ಕೊಡ್ತೀವಿ ಅನ್ನೋ ಕಂಪನಿಗಳಿವೆ. ಅಲ್ಲಿ ಪ್ರಶ್ನೆನೇ ಇಲ್ಲ, ಹಾಕಿಸಲೇಬೇಕು, ಚಂದಾನೂ ಚಾಲ್ತಿಯಲ್ಲಿ ಇಟ್ಕೋಬೇಕು.

ಕೀಲೆಸ್ ಕಾರುಗಳ ಕಳ್ಳತನದ ದಾರಿಯೇ ಬೇರೆ. ಮನೆಯೊಳಗಿರೋ ಕೀಯ ಸಿಗ್ನಲ್ಲನ್ನ ಎಳ್ಕೊಂಡು ಹೊರಗಿನ ಕಾರು ತೆಗೆಯೋದು ಒಂದು. ಹೆಡ್‌ಲೈಟ್ ಹಿಂದಿನ ವೈರಿಗೆ ಕೈ ಹಾಕಿ ಕಾರಿನ ಒಳಜಾಲಕ್ಕೆ ಸುಳ್ಳು ಸಂದೇಶ ಕಳಿಸೋದು ಇನ್ನೊಂದು. ಈ ಎರಡನೇ ದಾರಿಯನ್ನ 2023ರಲ್ಲಿ ಇಬ್ಬರು ತಜ್ಞರು ವಿವರವಾಗಿ ಬಿಡಿಸಿಟ್ರು, ಅವರಲ್ಲಿ ಒಬ್ಬರ ಟೊಯೋಟಾ ಕಾರೇ ಹಾಗೆ ಕಳವಾಗಿತ್ತು. ಮೊದಲನೇದಕ್ಕೆ ಕೀಯನ್ನ ಸಿಗ್ನಲ್ ತಡೆಯೋ ಪೌಚಲ್ಲಿ ಇಡೋದು ಸಾಕು. ಎರಡನೇದಕ್ಕೆ ಕಣ್ಣಿಗೆ ಕಾಣೋ ಸ್ಟೀರಿಂಗ್ ಲಾಕ್ ಹಾಕಿದ್ರೆ ಕಳ್ಳನ ಕೆಲಸ ತಡ ಆಗುತ್ತೆ.

ಕಂಪನಿಯಿಂದಲೇ ಕನೆಕ್ಟೆಡ್ ಆಗಿ ಬರೋ ಗಾಡಿ ಇದ್ರೆ ಇನ್ನೊಂದು ಡಬ್ಬಿ ಯಾಕೆ? ಬೆಂಗಳೂರಿನ ಏಥರ್ ಸ್ಕೂಟರ್‌ನಂಥವುಗಳಲ್ಲಿ ಗಾಡಿ ಅಲುಗಾಡಿಸಿದ್ರೆ, ಎಳ್ಕೊಂಡು ಹೋದ್ರೆ ಫೋನಿಗೆ ಸುದ್ದಿ ಬರೋ ಸೌಲಭ್ಯ ಇದೆ. ನಿಮ್ಮ ಗಾಡಿಯ ಪ್ಯಾಕ್ ಚಾಲ್ತಿಯಲ್ಲಿದೆಯಾ ಅನ್ನೋದೊಂದು ನೋಡ್ಕೊಳ್ಳಿ.

ಬೀಗ ಒಬ್ಬನಿಗೆ, ಗುಟ್ಟು ಊರಿಗೆ

ಕಾಮರ್ಸ್‌ನವನಾಗಿ ನನಗೆ ಬಹಳ ಇಷ್ಟವಾದ ವಿಷಯ ಇದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1986ರಲ್ಲಿ ಲೋಜ್ಯಾಕ್ ಅಂತ ಒಂದು ಸಾಧನ ಬಂತು. ಕಾರಿನೊಳಗೆ ಎಲ್ಲೋ ಬಚ್ಚಿಟ್ಟ ರೇಡಿಯೊ. ಹೊರಗಿಂದ ಯಾವ ಗುರುತೂ ಇಲ್ಲ. ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ ಅನ್ನೋ ಇಬ್ಬರು 1998ರಲ್ಲಿ ಅದರ ಬಗ್ಗೆ ಸಂಶೋಧನೆ ಪ್ರಕಟಿಸಿದ್ರು. ಯಾವ ಕಾರಲ್ಲಿ ಇದೆ ಅಂತ ಗೊತ್ತಿಲ್ಲದೆ ಇರೋದ್ರಿಂದ ಕಳ್ಳ ಎಲ್ಲಾ ಕಾರಿಗೂ ಹೆದರ್ತಾನೆ. ದೊಡ್ಡ ನಗರಗಳ ಒಳಗೆ ಇಂಥ 3 ಸಾಧನ ಹಾಕಿದ್ರೆ ವರ್ಷಕ್ಕೆ 1 ಕಳ್ಳತನ ಕಮ್ಮಿ ಆಯ್ತು ಅನ್ನೋದು ಅವರ ಲೆಕ್ಕ. ಮಜಾ ಏನಂದ್ರೆ, ದುಡ್ಡು ಕೊಟ್ಟು ಹಾಕಿಸ್ಕೊಂಡವನಿಗೆ ಸಿಕ್ಕ ಲಾಭ ಒಟ್ಟು ಲಾಭದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ಉಳಿದದ್ದೆಲ್ಲ ಹಾಕಿಸದೇ ಇದ್ದವರಿಗೆ.

ಕಣ್ಣಿಗೆ ಕಾಣೋ ಬೀಗದ ಕಥೆ ಉಲ್ಟಾ. ನನ್ನ ಗಾಡಿಗೆ ಡಿಸ್ಕ್ ಲಾಕ್ ನೋಡಿದ ಕಳ್ಳ ಮನೆಗೆ ವಾಪಸ್ ಹೋಗಲ್ಲ, ಪಕ್ಕದ ಗಾಡಿಗೆ ಹೋಗ್ತಾನೆ. ಬೀಗ ನನ್ನನ್ನ ಕಾಯುತ್ತೆ, ಪಕ್ಕದವನಿಗೆ ಕಷ್ಟ ವರ್ಗಾಯಿಸುತ್ತೆ. ಬಚ್ಚಿಟ್ಟ ಟ್ರ್ಯಾಕರ್ ಪಕ್ಕದವನನ್ನೂ ಕಾಯುತ್ತೆ.

ಇದನ್ನ ನಮ್ಮೂರಿಗೆ ಹಾಕಿ ನೋಡಿ. ಕೆರೆಬಿಳಚಿಯ ಬಸ್ ಸ್ಟ್ಯಾಂಡ್ ಹತ್ತಿರ ದಿನಾ ನಿಲ್ಲೋ ಗಾಡಿಗಳಲ್ಲಿ ಕೆಲವಕ್ಕೆ ಟ್ರ್ಯಾಕರ್ ಇದೆ, ಯಾವುದಕ್ಕೆ ಅಂತ ಯಾರಿಗೂ ಗೊತ್ತಿಲ್ಲ ಅನ್ನೋ ಸುದ್ದಿ ಹಬ್ಬಿದ್ರೆ, ಹಾಕಿಸದೇ ಇರೋರಿಗೂ ಲಾಭ. ಹಾಗಾದ್ರೆ ಗುಟ್ಟು ಇರಬೇಕು. ಟ್ರ್ಯಾಕರ್ ಹಾಕಿಸಿ ಗಾಡಿ ಮೇಲೆ ದೊಡ್ಡ ಸ್ಟಿಕರ್ ಅಂಟಿಸಿ, ಸೀಟಿನ ಕೆಳಗೆ ಕೈಗೆ ಸಿಗೋ ಹಾಗೆ ಡಬ್ಬಿ ಇಟ್ರೆ, ಕಳ್ಳ ಮಾಡೋ ಮೊದಲ ಕೆಲಸ ಅದನ್ನ ಕಿತ್ತು ಚರಂಡಿಗೆ ಎಸೆಯೋದು. ಎಲ್ಲಿ ಇಟ್ಟಿದ್ದೀರಿ ಅಂತ ಟೀ ಅಂಗಡಿಯಲ್ಲಿ ಹೇಳ್ಕೋಬೇಡಿ, ರೀಲ್ಸಲ್ಲಂತೂ ತೋರಿಸಲೇಬೇಡಿ.

ಫೋನಿಂದ ಇಂಜಿನ್ ಆಫ್ ಮಾಡೋ ರಿಲೇ ಬಗ್ಗೆ ಒಂದು ಎಚ್ಚರಿಕೆ. ಓಡ್ತಿರೋ ಬೈಕಿನ ಇಂಜಿನ್ ಒಮ್ಮೆಲೇ ನಿಂತ್ರೆ ಓಡಿಸ್ತಿರೋನಿಗೂ ಹಿಂದೆ ಬರೋನಿಗೂ ಜೀವಕ್ಕೆ ಅಪಾಯ. ಕಳ್ಳನೇ ಆಗ್ಲಿ, ಸಾಯೋಷ್ಟು ತಪ್ಪು ಅದಲ್ಲ. ಅಗ್ಗದ ರಿಲೇ ಕೆಟ್ರೆ ಓಡಿಸ್ತಿರೋನು ನೀವೇ ಆಗಿರ್ತೀರಿ. ವಾರಂಟಿ ಇರೋ ಗಾಡಿಯ ವೈರ್ ಕತ್ತರಿಸಿದ್ರೆ ಆಮೇಲೆ ಶೋರೂಮಲ್ಲಿ ತಕರಾರು ಬರುತ್ತೆ.

ಇನ್ನೊಂದು, ಸ್ವಲ್ಪ ಮುಜುಗರದ ಮಾತು. ಟ್ರ್ಯಾಕರ್ ಕಳ್ಳನ ಜಾಡು ಹಿಡಿಯೋದು ಜೀವಮಾನದಲ್ಲಿ ಒಂದ್ಸಲವೋ ಏನೋ. ಉಳಿದ ಎಲ್ಲಾ ದಿನ ಅದು ಗಾಡಿ ಓಡಿಸೋರ ಜಾಡು ಹಿಡಿಯುತ್ತೆ. ತಂಗಿ ಕಾಲೇಜಿಗೆ ಹೋಗೋ ಸ್ಕೂಟಿಗೆ ಅವಳಿಗೆ ಹೇಳದೆ ಹಾಕಿ, "ಸೇಫ್ಟಿಗೆ" ಅನ್ನೋ ಅಣ್ಣಂದಿರಿದ್ದಾರೆ. ಅದು ಸೇಫ್ಟಿ ಅಲ್ಲ, ಕಾವಲು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಗಾಡಿ ಯಾರು ಓಡಿಸ್ತಾರೋ ಅವರಿಗೆ ಹೇಳಿ, ಅವರ ಫೋನಿಗೇ ಆ್ಯಪ್ ಹಾಕಿಕೊಡಿ.

ಗಾಡಿ ಹೋಯ್ತು. ಈಗೇನು?

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಹಾಗಾಗಬಾರದು ಅಂದ್ರೆ ಇದನ್ನ ಈಗಲೇ ಕೇಳಿಸ್ಕೊಳ್ಳಿ.

ಮ್ಯಾಪಲ್ಲಿ ಚುಕ್ಕಿ ಓಡ್ತಿದೆ ಅಂತ ನಾಲ್ಕು ಜನ ಹುಡುಗರನ್ನ ಕಟ್ಕೊಂಡು ನೀವೇ ಹೋಗಬೇಡಿ. ಅಲ್ಲಿ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಗೊತ್ತಿಲ್ಲ. ಚುಕ್ಕಿ ಕೆಲವು ಮೀಟರ್ ಆಚೀಚೆ ತೋರಿಸುತ್ತೆ, ಅಂದ್ರೆ ಪಕ್ಕದ ಮನೆಯ ಬಡಪಾಯಿ ಮೇಲೆ ಕೈ ಮಾಡಿ ನೀವೇ ಆರೋಪಿ ಆಗಬಹುದು. 112ಕ್ಕೆ ಫೋನ್ ಮಾಡಿ, ಲೊಕೇಷನ್ ಪೊಲೀಸರಿಗೆ ಕೊಡಿ, ಅವರ ಜೊತೆಗೇ ಹೋಗಿ.

ಎಫ್‌ಐಆರ್ ಅದೇ ದಿನ ಆಗಲಿ. 2024ರ ಜುಲೈ 1ರಿಂದ ಕಳ್ಳತನಕ್ಕೆ ಐಪಿಸಿ 379 ಇಲ್ಲ, ಭಾರತೀಯ ನ್ಯಾಯ ಸಂಹಿತೆಯ 303. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಗಾಡಿ ಯಾವ ಠಾಣೆ ವ್ಯಾಪ್ತಿಯಲ್ಲಿ ಹೋಗಿದ್ರೂ ನೀವು ಬೇರೆ ಠಾಣೆಯಲ್ಲೂ ದೂರು ಕೊಡಬಹುದು. ಆನ್‌ಲೈನಲ್ಲಿ ಕೊಟ್ರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ತಗೊಳ್ಳಿ.

ಇನ್ಶೂರೆನ್ಸ್ ಕಂಪನಿಗೂ ಅವತ್ತೇ ಒಂದು ಫೋನು, ಒಂದು ಇಮೇಲ್. ತಡ ಆಯ್ತು ಅಂತ ಕ್ಲೇಮ್ ತಿರಸ್ಕರಿಸಿದ್ರೆ ಹೆದರಬೇಡಿ. 2020ರ ಜನವರಿಯಲ್ಲಿ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟವಾಗಿ ಹೇಳಿದೆ. ಟ್ರ್ಯಾಕ್ಟರ್ ಕಳವು ಕೇಸು ಅದು. ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ರೆ, ಕಂಪನಿಗೆ ತಡವಾಗಿ ತಿಳಿಸಿದ್ರು ಅನ್ನೋ ಒಂದೇ ಕಾರಣಕ್ಕೆ ನಿಜವಾದ ಕ್ಲೇಮ್ ತಳ್ಳಿಹಾಕೋ ಹಾಗಿಲ್ಲ.

ಗಾಡಿ ಸಿಗದೇ ಇದ್ರೆ ಪೊಲೀಸರು ಪತ್ತೆಯಾಗಿಲ್ಲ ಅಂತ ವರದಿ ಕೊಡ್ತಾರೆ, ನಮ್ಮ ಕಡೆ ಅದಕ್ಕೆ ಸಿ ರಿಪೋರ್ಟ್ ಅಂತಾರೆ. ಕ್ಲೇಮ್‌ಗೆ ಅದು ಬೇಕು. ಎರಡೂ ಕೀ ಬೇಕು. ಎರಡನೇ ಕೀ ಎಲ್ಲಿದೆ ಅಂತ ಈಗಲೇ ನೋಡ್ಕೊಳ್ಳಿ. ಸೆಕೆಂಡ್ ಹ್ಯಾಂಡ್ ತಗೊಂಡಾಗ ಒಂದೇ ಕೀ ಕೊಟ್ರೆ ಇನ್ನೊಂದು ಕೇಳಿ ತಗೊಳ್ಳಿ. ಆ ಕೀ ಯಾರ ಹತ್ತಿರ ಇದೆಯೋ ಅವನಿಗೆ ಹ್ಯಾಂಡಲ್ ಲಾಕ್ ಲೆಕ್ಕಕ್ಕೇ ಇಲ್ಲ. ಸಾಲ ಬಾಕಿ ಇದ್ರೆ ಕ್ಲೇಮ್ ದುಡ್ಡು ಮೊದಲು ಸಾಲ ಕೊಟ್ಟವರಿಗೆ ಹೋಗುತ್ತೆ, ಅದು ಬರೋವರೆಗೂ ಕಂತು ನಿಲ್ಲಿಸೋ ಹಾಗಿಲ್ಲ.

ಗಾಡಿ ಸಿಕ್ಕಿದ್ರೂ ಅವತ್ತೇ ಮನೆಗೆ ಬರಲ್ಲ. ಅದೀಗ ಮುದ್ದೆಮಾಲು, ಕೇಸಿನ ಸಾಕ್ಷ್ಯ. ಠಾಣೆ ಮುಂದೆ ಮಳೆ ಬಿಸಿಲಿಗೆ ಕೊಳೆಯೋ ಗಾಡಿ ನೋಡಿರ್ತೀರಿ. ಅದಕ್ಕೇ 2002ರಲ್ಲಿ ಸುಂದರ್‌ಭಾಯಿ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಫೋಟೊ, ಪಂಚನಾಮೆ ಮಾಡ್ಕೊಂಡು, ಬಾಂಡ್ ಬರೆಸ್ಕೊಂಡು ಮಾಲೀಕರಿಗೆ ಬೇಗ ಕೊಟ್ಟುಬಿಡಿ ಅಂತ. ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಒಂದು ಅರ್ಜಿ ಹಾಕಬೇಕು. ಆರ್‌ಸಿ ನಿಮ್ಮ ಹೆಸರಲ್ಲಿ ಇದ್ರೆ ಈ ದಾರಿ ಚಿಕ್ಕದು. ಹಳೇ ಮಾಲೀಕನ ಹೆಸರಲ್ಲಿದ್ರೆ ಅವನನ್ನ ಹುಡುಕ್ಕೊಂಡು ಹೋಗಬೇಕು.

ಕೊನೆಗೆ, ಕ್ರಮವಾಗಿ

ಮೊದಲು ಆರ್‌ಸಿ, ಪಾಲಿಸಿ ನಿಮ್ಮ ಹೆಸರಿಗೆ. ಎರಡನೇದು ಓನ್ ಡ್ಯಾಮೇಜ್. ಅದು ಮುಗಿದುಹೋಗಿದ್ರೆ ಕಂಪನಿ ಗಾಡಿಯ ಫೋಟೊ, ವಿಡಿಯೊ ಕೇಳಬಹುದು, ಕೊಡಿ. ಮೂರನೇದು ಒಳ್ಳೇ ಡಿಸ್ಕ್ ಲಾಕ್, ಜೊತೆಗೆ ಕೀ ಜೇಬಲ್ಲಿ. ಇಷ್ಟಾದ ಮೇಲೂ ಗಾಡಿ ದಿನಾ ಬಸ್ ಸ್ಟ್ಯಾಂಡಲ್ಲೋ ಹಾಸ್ಟೆಲ್ ಮುಂದೆನೋ ನಿಲ್ಲುತ್ತೆ, ಅಥವಾ ಇನ್ಶೂರೆನ್ಸ್ ತುಂಬದಷ್ಟು ಬೆಲೆಬಾಳುತ್ತೆ ಅಂದ್ರೆ ನಾಲ್ಕನೇದು ಟ್ರ್ಯಾಕರ್. 4ಜಿ ಇರೋದು, ತನ್ನದೇ ಬ್ಯಾಟರಿ ಇರೋದು, ಕೈಗೆ ಸಿಗದ ಜಾಗದಲ್ಲಿ. ಅದರ ಎಚ್ಚರಿಕೆ ರಾತ್ರಿ 2 ಗಂಟೆಗೆ ಬಂದಾಗ ನಿಮ್ಮ ಫೋನ್ ಸೈಲೆಂಟಲ್ಲಿದ್ರೆ, ಬೆಳಗ್ಗೆ ಎದ್ದು ಕಳ್ಳ ಯಾವ ಯಾವ ಊರು ಸುತ್ತಿದ ಅಂತ ನೋಡಬಹುದು ಅಷ್ಟೇ.

ಕೆರೆಬಿಳಚಿಯ ತಮ್ಮನಿಗೆ: ನಿನ್ನ 2,500 ರೂಪಾಯಿ ಈ ವಾರ ಟ್ರ್ಯಾಕರ್ ಅಂಗಡಿಗೆ ಬೇಡ. ಹೆಸರು ವರ್ಗಾವಣೆಗೂ ಓನ್ ಡ್ಯಾಮೇಜ್‌ಗೂ ಹೋಗಲಿ. ಮುಂದಿನ ಅಡಿಕೆ ಕೊಯ್ಲಿಗೆ ದುಡ್ಡು ಉಳಿದ್ರೆ ಆಗ ನೋಡೋಣ.

ಉಳಿದವರೆಲ್ಲ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಪಾಲಿಸಿ ತೆಗೆದು ಆ ಚಿಕ್ಕ ದಿನಾಂಕ ಓದಿ. ಮುಗಿದುಹೋಗಿದ್ರೆ ಅಪ್ಪ ಅಮ್ಮನ ಗಾಡಿಯದ್ದೂ ನೋಡಿ, ಅದೂ ಮುಗಿದಿರೋ ಸಾಧ್ಯತೆ ಇದೆ. ಈ ಕಂತನ್ನ ಹೊಸ ಗಾಡಿ ತಗೊಂಡಿರೋ ಒಬ್ಬ ಗೆಳೆಯನಿಗೆ ಕಳಿಸಿ. ಮುಂದಿನ ವಾರ ಸಿಗೋಣ. ಹೆಲ್ಮೆಟ್ ಹಾಕ್ಕೊಳ್ಳಿ, ಕೀ ತಗೊಳ್ಳಿ.